ಹದಿನೈದರ ಮಕ್ಕಳಿಗೆ ಮೂವತ್ತರ ಪ್ರಶ್ನೆ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ಮೇಲಿನ ಎರಡು ಮೂರು ವಾರಗಳಲ್ಲಿ ನಮ್ಮ ಕನ್ನಡ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: 'ಯಾವ ಗ್ರೂಪು?' ಪಲ್ಲಾವರದಿಂದ ತಾಂಬರದವರೆಗೆ, ವಿದ್ಯುತ್ ರೈಲಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಸಂಘದ ಸಭೆ ಮುಗಿದು ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಈ ಪ್ರಶ್ನೆ ಎದುರಾಗುತ್ತದೆ. ಉತ್ತರ ಹೇಳಬೇಕಾದ ಹುಡುಗ ಅಥವಾ ಹುಡುಗಿ ಸಾಮಾನ್ಯವಾಗಿ ಮಾತನಾಡುವುದಿಲ್ಲ. ಉತ್ತರ ತಂದೆಯಿಂದ ಬರುತ್ತದೆ, ತಿದ್ದುಪಡಿ ತಾಯಿಯಿಂದ, ಅಂತಿಮ ತೀರ್ಪು ಬೆಂಗಳೂರಿನಿಂದ ಫೋನಿನಲ್ಲಿ ಮಾತನಾಡುವ ಸೋದರಮಾವನಿಂದ. ಮಗುವನ್ನೇ ಕರೆದು 'ಮುಂದೆ ಏನಾಗಬೇಕೆಂದಿದ್ದೀಯಪ್ಪಾ?' ಎಂದು ಕೇಳಿದರೆ 'ಗೊತ್ತಿಲ್ಲ' ಎನ್ನುತ್ತದೆ. ಅಷ್ಟಕ್ಕೇ ಮನೆಯಲ್ಲಿ ಕಳವಳ ಆರಂಭವಾಗುತ್ತದೆ, ಥರ್ಮಾಮೀಟರಿನಲ್ಲಿ ಜ್ವರ ಕಂಡಂತೆ.

ಹದಿನೈದನೆಯ ವಯಸ್ಸಿನಲ್ಲಿ 'ಗೊತ್ತಿಲ್ಲ' ಎನ್ನುವುದು ಅತ್ಯಂತ ಪ್ರಾಮಾಣಿಕವಾದ ಉತ್ತರವೆಂದೇ ನಾವು ಭಾವಿಸುತ್ತೇವೆ. 'ಡಾಕ್ಟರ್ ಆಗುತ್ತೇನೆ' ಎಂದು ಥಟ್ಟನೆ ಹೇಳುವ ಮಗುವಿನ ನಿಶ್ಚಯ ಎಷ್ಟೋ ವೇಳೆ ಹಿರಿಯರ ಬಾಯಿಂದ ಕೇಳಿ ಕಲಿತದ್ದು. ಆದುದರಿಂದ ಈ ಸಂಚಿಕೆಯ ಸಂಪಾದಕೀಯವನ್ನು ಇನ್ನೂ ನಿರ್ಧಾರಕ್ಕೆ ಬಾರದ ಮಕ್ಕಳ ಪರವಾಗಿ, ಆದರೆ ಅವರ ತಂದೆತಾಯಿಗಳನ್ನು ಉದ್ದೇಶಿಸಿ ಬರೆಯಲಾಗಿದೆ.

ಯಾವ ವಯಸ್ಸಿಗೆ ವಿಷಯಗಳ ದಾರಿ ಕವಲೊಡೆಯಬೇಕು ಎಂಬುದರ ಬಗ್ಗೆ ನಮ್ಮ ದೇಶದ ಶಿಕ್ಷಣತಜ್ಞರಲ್ಲೇ ಒಮ್ಮತವಿರಲಿಲ್ಲ. ಮದರಾಸು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ದೀರ್ಘಕಾಲ ಸೇವೆ ಸಲ್ಲಿಸಿದ ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಆಯೋಗವು 1953ರ ವರದಿಯಲ್ಲಿ, ಪ್ರೌಢಶಾಲೆಯ ಹಂತದಲ್ಲಿಯೇ ಏಳು ಗುಂಪುಗಳಿರಲಿ ಎಂದು ಸಲಹೆ ನೀಡಿತು: ಮಾನವಿಕ ವಿಷಯಗಳು, ವಿಜ್ಞಾನ, ತಾಂತ್ರಿಕ ವಿಷಯಗಳು, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ. ಬಹೂದ್ದೇಶ ಪ್ರೌಢಶಾಲೆಗಳು ಆ ಸಲಹೆಯಿಂದಲೇ ಹುಟ್ಟಿದವು. ಹದಿಮೂರು ವರ್ಷ ಕಳೆಯುವುದರೊಳಗೆ, 1966ರಲ್ಲಿ, ಕೊಠಾರಿ ಆಯೋಗವು ಇದನ್ನು ಒಪ್ಪದೆ ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ಒಂದೇ ಪಠ್ಯಕ್ರಮವಿರಬೇಕೆಂದು, ಕವಲು ಅದರ ನಂತರವೇ ಆಗಬೇಕೆಂದು ಹೇಳಿತು. ತಮಿಳುನಾಡಿನಲ್ಲಿ ಪಿ.ಯು.ಸಿ. ಹೋಗಿ ಪ್ಲಸ್ ಟೂ ಬಂದದ್ದು 1978ರಲ್ಲಿ. ಈಚಿನ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಕಲೆ, ವಿಜ್ಞಾನಗಳ ನಡುವಿನ ಗೋಡೆಯೇ ಬೇಡವೆನ್ನುತ್ತದೆ. (ಆ ನೀತಿಯ ಉಳಿದ ಅಂಶಗಳನ್ನು ಕುರಿತು ಈ ರಾಜ್ಯದಲ್ಲಿ ನಡೆದಿರುವ ವಾಗ್ವಾದ ಬೇರೆಯೇ ವಿಷಯ, ಇಲ್ಲಿ ಅದು ಬೇಡ.) ತಜ್ಞರು ಕವಲಿನ ವಯಸ್ಸನ್ನು ಮುಂದೆ ಮುಂದೆ ತಳ್ಳುತ್ತ ಬಂದಿದ್ದಾರೆ. ನಾವು ತಂದೆತಾಯಿಗಳು ಅದನ್ನು ಹಿಂದಕ್ಕೆ ಎಳೆಯುತ್ತಿದ್ದೇವೆ. ಆರನೆಯ ತರಗತಿಯಿಂದಲೇ ಐ.ಐ.ಟಿ. ಬುನಾದಿಯ ತರಬೇತಿಗೆ ಮಕ್ಕಳನ್ನು ಕಳುಹಿಸುವ ಮನೆಗಳು ನಮ್ಮಲ್ಲೇ ಇವೆ.

ನಿಜಸ್ಥಿತಿ ಹೀಗಿದೆ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿದ್ದು 'ಫಸ್ಟ್ ಗ್ರೂಪು'. ಜೀವಶಾಸ್ತ್ರದ ಬದಲು ಗಣಕ ವಿಜ್ಞಾನವಿರುವುದು ಇನ್ನೊಂದು. ಗಣಿತವಿಲ್ಲದ ವಿಜ್ಞಾನ ಮತ್ತೊಂದು. ಅನಂತರ ವಾಣಿಜ್ಯ. ಇತಿಹಾಸ, ಭೂಗೋಳಗಳ ಗುಂಪು ಎಷ್ಟೋ ಖಾಸಗಿ ಶಾಲೆಗಳಲ್ಲಿ ಇಲ್ಲವೇ ಇಲ್ಲ. ಎಲ್ಲ ಕೇಂದ್ರೀಯ ವಿದ್ಯಾಲಯಗಳಲ್ಲೂ ಎಲ್ಲ ವಿಭಾಗಗಳಿರುವುದಿಲ್ಲ ಎಂಬುದನ್ನು ವರ್ಗಾವಣೆಯ ಆದೇಶ ಕೈಗೆ ಬಂದ ಮೇಲೆ ತಿಳಿಯುವ ನಮ್ಮಂಥ ಕೇಂದ್ರ ಸರ್ಕಾರಿ ನೌಕರರ ಪಾಡು ಹೇಳತೀರದು. ಹತ್ತನೆಯ ತರಗತಿಯ ಅಂಕಗಳನ್ನು ನೋಡಿ ಶಾಲೆಯವರೇ ಗುಂಪು ಹಂಚುವುದೂ ಉಂಟು. ಅಂಕ ಹೆಚ್ಚಿದ್ದರೆ ಫಸ್ಟ್ ಗ್ರೂಪು, ಕಡಿಮೆಯಾದರೆ ವಾಣಿಜ್ಯ. ಮಗುವಿನ ಒಲವು ಯಾವುದರ ಕಡೆಗಿದೆ ಎಂಬುದು ಈ ಹಂಚಿಕೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಹಾಡುವವನನ್ನು ಎತ್ತರ ಅಳೆದು ಆರಿಸಿದ ಹಾಗೆ.

ನಿರ್ಧಾರವಾಗದ ಮಗುವಿಗೆ ನಮ್ಮವರು ಕೊಡುವ ಸಿದ್ಧ ಸಲಹೆ: 'ಫಸ್ಟ್ ಗ್ರೂಪು ತಗೊ, ಎಲ್ಲಾ ಬಾಗಿಲೂ ತೆರೆದಿರತ್ತೆ.' ಈ ಸಲಹೆಯಲ್ಲಿ ಸತ್ಯಾಂಶವಿದೆ. ಆದರೆ ಯಾವ ಬಾಗಿಲು ನಿಜವಾಗಿ ಮುಚ್ಚುತ್ತದೆ, ಯಾವುದು ಮುಚ್ಚುವುದೇ ಇಲ್ಲ ಎಂದು ಒಮ್ಮೆ ಕುಳಿತು ಲೆಕ್ಕ ಹಾಕಿದವರು ವಿರಳ. ನ್ಯಾಯಶಾಸ್ತ್ರದ ಪ್ರವೇಶ ಪರೀಕ್ಷೆಗೆ ಪ್ಲಸ್ ಟೂವಿನಲ್ಲಿ ಇಂಥದೇ ವಿಷಯ ಓದಿರಬೇಕೆಂಬ ನಿಯಮವಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಆಗಲು ವಾಣಿಜ್ಯವನ್ನೇ ಓದಿರಬೇಕೆಂದಿಲ್ಲ. ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸೇವಾ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಭೂಸೇನೆಗೆ ಯಾವ ವಿಭಾಗದವರಾದರೂ ಅರ್ಜಿ ಹಾಕಬಹುದು. ನೌಕಾಪಡೆ, ವಾಯುಪಡೆಗಳಿಗೆ ಮಾತ್ರ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಬೇಕು. ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕೇ ಬೇಕು. ಆದರೂ 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಹನ್ನೆರಡನೆಯ ತರಗತಿ ಮುಗಿದ ಮೇಲೆ ಹೆಚ್ಚುವರಿ ವಿಷಯವಾಗಿ ಜೀವಶಾಸ್ತ್ರ ಓದಿದವರೂ ನೀಟ್ ಬರೆಯಬಹುದೆಂದು ಪ್ರಕಟಿಸಿ, ಮುಚ್ಚಿತೆಂದು ಎಲ್ಲರೂ ತಿಳಿದಿದ್ದ ಬಾಗಿಲಿಗೂ ಒಂದು ಕಿಂಡಿ ಮಾಡಿತು. ಮದರಾಸು ಐ.ಐ.ಟಿ. 2020ರಲ್ಲಿ ಘೋಷಿಸಿದ ದತ್ತಾಂಶ ವಿಜ್ಞಾನದ ಪದವಿಗೆ ಹತ್ತನೆಯ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿದ್ದರಾಯಿತು. ಪ್ಲಸ್ ಟೂವಿನಲ್ಲಿ ವಾಣಿಜ್ಯ ಓದಿದವರೂ, ಇತಿಹಾಸ ಓದಿದವರೂ ಅದರ ಅರ್ಹತಾ ಹಂತವನ್ನು ದಾಟಿ ಸೇರಬಹುದು.

ಬಿಟ್ಟರೆ ಮತ್ತೆ ಹಿಡಿಯಲು ಬಹು ಕಷ್ಟವಾದ ವಿಷಯ ಒಂದೇ: ಗಣಿತ. ಎಂಜಿನಿಯರಿಂಗಿನ ಬಹುತೇಕ ಶಾಖೆಗಳು, ವಾಸ್ತುಶಿಲ್ಪ, ಸಂಖ್ಯಾಶಾಸ್ತ್ರ, ಭೌತಶಾಸ್ತ್ರದ ಪದವಿ ಮಾತ್ರವಲ್ಲ, ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಆನರ್ಸ್ ಕೂಡ ಗಣಿತವನ್ನು ಬೇಡುತ್ತದೆ. ಆದುದರಿಂದ ನಿರ್ಧಾರಕ್ಕೆ ಬಾರದ, ಆದರೆ ಗಣಿತವನ್ನು ಕಂಡರೆ ಹೆದರದ ಮಗುವಿಗೆ ಗಣಿತವನ್ನು ಉಳಿಸಿಕೊಳ್ಳುವಂತೆ ಹೇಳುವುದು ವಿವೇಕ. ವಾಣಿಜ್ಯದೊಡನೆ, ಅರ್ಥಶಾಸ್ತ್ರದೊಡನೆ ಗಣಿತ ದೊರೆಯುವ ಶಾಲೆ ಹತ್ತಿರದಲ್ಲಿದ್ದರೆ ಎರಡು ನಿಲ್ದಾಣ ಆಚೆಗಾದರೂ ಚಿಂತೆಯಿಲ್ಲ. ಸಿ.ಬಿ.ಎಸ್.ಇ. ಶಾಲೆಗಳ ಪೋಷಕರು ಇನ್ನೊಂದನ್ನು ಗಮನಿಸಬೇಕು. 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಯ ಗಣಿತದಲ್ಲಿ ಸ್ಟ್ಯಾಂಡರ್ಡ್, ಬೇಸಿಕ್ ಎಂಬ ಎರಡು ಮಟ್ಟಗಳಿವೆ. ಸುಲಭವೆಂದು ಬೇಸಿಕ್ ಆರಿಸುವ ಮೊದಲು, ಹನ್ನೊಂದನೆಯ ತರಗತಿಯಲ್ಲಿ ಗಣಿತ ದೊರೆಯುವುದಕ್ಕೆ ಅದರಿಂದ ಅಡ್ಡಿಯುಂಟೇ ಎಂದು ಶಾಲೆಯಲ್ಲಿ ಕೇಳಿ ತಿಳಿಯುವುದು ಒಳಿತು. ಕವಲು ಹತ್ತರ ನಂತರ ಎಂದು ನಾವು ನಂಬಿಕೊಂಡಿರುವಾಗ ಅದು ಅರಿವಿಲ್ಲದೆ ಒಂಬತ್ತರಲ್ಲೇ ಆಗಿಬಿಟ್ಟಿರಬಹುದು.

ಹಾಗೆಂದು ಗಣಿತದಲ್ಲಿ ಪ್ರತಿ ಪರೀಕ್ಷೆಗೂ ಕಣ್ಣೀರಿಡುವ ಮಗುವನ್ನು 'ಬಾಗಿಲು ತೆರೆದಿರಲಿ' ಎಂದು ಫಸ್ಟ್ ಗ್ರೂಪಿಗೆ ತಳ್ಳುವುದನ್ನು ನಾವು ಒಪ್ಪುವುದಿಲ್ಲ. ತಮಿಳುನಾಡಿನಲ್ಲಿ ಎಂಜಿನಿಯರಿಂಗಿಗೆ ಪ್ರವೇಶ ಪರೀಕ್ಷೆ 2007ರಿಂದ ಇಲ್ಲ. ಪ್ಲಸ್ ಟೂವಿನ ಗಣಿತಕ್ಕೆ 100, ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ತಲಾ 50, ಒಟ್ಟು 200ಕ್ಕೆ ಲೆಕ್ಕ ಹಾಕಿ ಕ್ರಮಾಂಕ ನೀಡುತ್ತಾರೆ. ಅಂದರೆ ಗಣಿತದ ತೂಕವೇ ಅರ್ಧ. ಆ ಅರ್ಧದಲ್ಲಿ ಸೋಲುವ ಮಗುವಿಗೆ ಬಾಗಿಲು ತೆರೆದಿದ್ದೂ ತೆರೆದಂತಲ್ಲ. ಅದೇ ಎರಡು ವರ್ಷ ಅರ್ಥಶಾಸ್ತ್ರವನ್ನೋ ಇತಿಹಾಸವನ್ನೋ ಆಸಕ್ತಿಯಿಂದ ಓದಿದ್ದರೆ ಆ ಮಗುವಿಗೆ ತನ್ನ ಮೇಲೆ ಉಳಿಯುತ್ತಿದ್ದ ವಿಶ್ವಾಸವನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ. ಕೇಂದ್ರ ಸರ್ಕಾರದ ಯಾವ ಕಚೇರಿಗಾದರೂ ಹೋಗಿ ನೋಡಿ: ಸಹಾಯಕರಾಗಿ, ಇನ್ಸ್‌ಪೆಕ್ಟರರಾಗಿ, ಲೆಕ್ಕಪರಿಶೋಧಕರಾಗಿ ಹೊಸದಾಗಿ ಸೇರಿದವರಲ್ಲಿ ಎಂಜಿನಿಯರಿಂಗ್ ಪದವೀಧರರು ಎಷ್ಟೊಂದು ಮಂದಿ! ಅವರ ಬಗ್ಗೆ ನಮಗೆ ಗೌರವವಿದೆ, ಹಲವರು ಅತ್ಯುತ್ತಮ ಕೆಲಸಗಾರರು. ಆದರೆ ಮನೆಯವರ ಸಾಲದಿಂದ ನಾಲ್ಕು ವರ್ಷ ಯಂತ್ರಶಾಸ್ತ್ರ ಓದಿ, ಅನಂತರ ಮೂರು ವರ್ಷ ಮನೆಯಲ್ಲಿ ಕುಳಿತು ಸಾಮಾನ್ಯ ಜ್ಞಾನ ಓದಿ ಕಡತದ ಮುಂದೆ ಬಂದು ಕುಳಿತವರನ್ನು ಕಂಡಾಗ, ಹದಿನೈದರಲ್ಲಿ ಇವರನ್ನು ಯಾರಾದರೂ ಕೂರಿಸಿಕೊಂಡು ಮಾತನಾಡಿಸಿದ್ದರೇ ಎನಿಸದಿರದು.

ಇಲ್ಲಿ ನಮ್ಮ ಊರಿನದೇ ಒಂದು ಪ್ರಸಂಗವನ್ನು ನೆನೆಯಬೇಕು. ಕ್ರೋಮ್ ಚರ್ಮದ ಕಾರ್ಖಾನೆಯಿಂದ ಹೆಸರು ಪಡೆದ ಈ ಕ್ರೋಂಪೇಟೆಯಲ್ಲಿ 1949ರಲ್ಲಿ ಸಿ. ರಾಜಂ ಎಂಬ ಉದ್ಯಮಿ ತಮ್ಮ ಮನೆಯನ್ನೇ ಮಾರಿ ಬಂದ ಹಣದಿಂದ ಮದರಾಸ್ ತಾಂತ್ರಿಕ ಸಂಸ್ಥೆಯನ್ನು, ನಮ್ಮ ಬಾಯಿರೂಢಿಯ ಎಂ.ಐ.ಟಿ.ಯನ್ನು ಕಟ್ಟಿದರು. ವಿಮಾನ, ಮೋಟಾರು ವಾಹನ, ಎಲೆಕ್ಟ್ರಾನಿಕ್ಸ್, ಉಪಕರಣ ಎಂಬ ಅಂದಿಗೆ ಹೊಸತಾದ ಶಾಖೆಗಳು ಅಲ್ಲಿದ್ದವು. ಅದು 1978ರಲ್ಲಿ ಅಣ್ಣಾ ವಿಶ್ವವಿದ್ಯಾನಿಲಯದೊಡನೆ ಸೇರಿತು. ಅದರ ಮುಂದೆ ದಿನಾಲೂ ಹಾದುಹೋಗುವ ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಬಹುಕಾಲ ಅಲ್ಲಿ ಎಂಜಿನಿಯರಿಂಗಿಗೆ ಸೇರಿಸಿಕೊಳ್ಳುತ್ತಿದ್ದುದು ಬಿ.ಎಸ್ಸಿ. ಮುಗಿಸಿದವರನ್ನು. ಇಪ್ಪತ್ತರ ಹರೆಯದಲ್ಲಿ, ಒಂದು ಪದವಿ ಕೈಗೆ ಬಂದ ಮೇಲೆ, 'ನನ್ನ ದಾರಿ ಇದಲ್ಲ, ಅದು' ಎಂದವರಿಗೆ ಮೂರು ವರ್ಷಗಳ ವ್ಯಾಸಂಗ.

ಹಾಗೆ ಬಂದವರಲ್ಲೊಬ್ಬರು ಎ.ಪಿ.ಜೆ. ಅಬ್ದುಲ್ ಕಲಾಂ. ತಿರುಚ್ಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ 1954ರಲ್ಲಿ ಬಿ.ಎಸ್ಸಿ. ಮುಗಿಸುವ ಹೊತ್ತಿಗೆ, ಭೌತಶಾಸ್ತ್ರ ತಮ್ಮ ಹಾದಿಯಲ್ಲವೆಂಬುದು ಅವರಿಗೆ ಹೊಳೆಯಿತು. ಪದವಿಗೆ ಸೇರುವಾಗ ಬೇರೆ ಆಯ್ಕೆಗಳಿವೆಯೆಂಬುದೇ ತಮಗೆ ತಿಳಿದಿರಲಿಲ್ಲವೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಎಂ.ಐ.ಟಿ.ಯ ಶುಲ್ಕಕ್ಕೆ ಅಕ್ಕ ಜೊಹರಾ ತಮ್ಮ ಚಿನ್ನದ ಬಳೆಗಳನ್ನು ಒತ್ತೆಯಿಟ್ಟರು. ಆವರಣದಲ್ಲಿ ಪ್ರದರ್ಶನಕ್ಕಿಟ್ಟಿದ್ದ ಎರಡು ಹಳೆಯ ವಿಮಾನಗಳ ಬಳಿ ಗಂಟೆಗಟ್ಟಲೆ ಕುಳಿತಿರುತ್ತಿದ್ದ ಆ ಯುವಕ ಒಂದು ವರ್ಷ ಓದಿದ ಮೇಲೆ ವಿಮಾನ ಶಾಖೆಯನ್ನು ಆರಿಸಿಕೊಂಡರು. ತರಬೇತಿಗೆ ನಮ್ಮ ಬೆಂಗಳೂರಿನ ಎಚ್.ಎ.ಎಲ್.ಗೆ ಹೋದರು. ಮುಂದಿನದು ಎಲ್ಲರಿಗೂ ತಿಳಿದದ್ದೇ.

ಮಹನೀಯರ ಉದಾಹರಣೆಗಳನ್ನು ಮಕ್ಕಳ ತಲೆಯ ಮೇಲೆ ಹೇರುವುದು ನಮಗೂ ಇಷ್ಟವಿಲ್ಲ. ಎಲ್ಲರೂ ಕಲಾಂ ಆಗುವುದಿಲ್ಲ, ಆಗಬೇಕಾದ್ದೂ ಇಲ್ಲ. ಇಲ್ಲಿ ನಮ್ಮ ಕಣ್ಣು ಆ ವ್ಯಕ್ತಿಯ ಮೇಲಿರುವುದಕ್ಕಿಂತ ಆ ಸಂಸ್ಥೆಯ ಬಾಗಿಲಿನ ಮೇಲಿದೆ. ತಡವಾಗಿ ತಿಳಿದವನಿಗೂ ಪ್ರವೇಶವಿದ್ದ ಬಾಗಿಲು ಅದು. ಜೊತೆಗೆ, ಆ ಯುವಕನಿಗೆ ಮೊದಲೇ ಕೊರತೆಯಾಗಿದ್ದುದು ಬುದ್ಧಿಯಲ್ಲ, ಮಾಹಿತಿ. ರಾಮೇಶ್ವರದ ಹುಡುಗನಿಗೆ ಅಂದು ಹೇಳುವವರಿರಲಿಲ್ಲ. ಇಂದು ನಮ್ಮ ಮಕ್ಕಳಿಗೆ ಹೇಳುವವರು ನೂರು ಮಂದಿ, ಎಲ್ಲರೂ ಹೇಳುವುದು ಎರಡೇ ದಾರಿ.

ಇನ್ನು ಭಾಷೆಯ ವಿಚಾರ. ವಿಷಯಗಳ ಆಯ್ಕೆ ಎಂದಾಗ ಗ್ರೂಪಿನ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುವ ನಾವು ಭಾಷೆಯನ್ನು ಒಂದು ನಿಮಿಷದಲ್ಲಿ ತೀರ್ಮಾನಿಸುತ್ತೇವೆ: ಯಾವುದರಲ್ಲಿ ಅಂಕ ಹೆಚ್ಚೋ ಅದು. ಹೀಗಾಗಿ ಕನ್ನಡದ ಮಗು ಚೆನ್ನೈಯಲ್ಲಿ ಕುಳಿತು ಫ್ರೆಂಚ್ ಓದುತ್ತದೆ, ಪ್ಯಾರಿಸ್ಸಿಗೆ ಹೋಗುವ ಉದ್ದೇಶವೇನೂ ಇಲ್ಲದೆ. ಫ್ರೆಂಚಿನ ಮೇಲೆ ನಮಗೆ ಮುನಿಸಿಲ್ಲ. ಸಂಸ್ಕೃತದ ಮೇಲಂತೂ ಇಲ್ಲವೇ ಇಲ್ಲ. ಪ್ರೀತಿಯಿಂದ ಓದುವವರು ಓದಲಿ. ಆದರೆ ಅಂಕಕ್ಕಾಗಿ ಎನ್ನುವವರು ಮೇಲೆ ಹೇಳಿದ 200ರ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು. ಎಂಜಿನಿಯರಿಂಗ್ ಪ್ರವೇಶದ ಆ ಲೆಕ್ಕದಲ್ಲಿ ಭಾಷೆಯ ಅಂಕ ಸೇರುವುದೇ ಇಲ್ಲ! ಭೌತಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಬಿಟ್ಟರೆ ಮುಚ್ಚುವ ಬಾಗಿಲುಗಳ ಬಗ್ಗೆ ಇಷ್ಟು ಎಚ್ಚರವಿರುವ ನಮಗೆ ಭಾಷೆಯನ್ನು ಬಿಟ್ಟರೆ ಮುಚ್ಚುವ ಬಾಗಿಲುಗಳು ಕಾಣುತ್ತಿಲ್ಲ.

ಮೊದಲನೆಯದಾಗಿ ತಮಿಳು. ತಮಿಳುನಾಡು ಸರ್ಕಾರವು 2021ರ ಡಿಸೆಂಬರಿನಲ್ಲಿ ರಾಜ್ಯದ ನೇಮಕಾತಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯನ್ನು ಕಡ್ಡಾಯ ಮಾಡಿತು. ಅದರಲ್ಲಿ ಶೇಕಡ 40 ಅಂಕ ಬಾರದಿದ್ದರೆ ಉಳಿದ ಉತ್ತರ ಪತ್ರಿಕೆಗಳನ್ನು ಪರಿಗಣಿಸುವುದಿಲ್ಲ. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಅಂಗಡಿಯಲ್ಲಿ ಆಟೋದಲ್ಲಿ ನಿರರ್ಗಳವಾಗಿ ತಮಿಳು ಮಾತನಾಡುವ ನಮ್ಮ ಮಕ್ಕಳು ಬರೆಯಲು ಬಾರದ ಕಾರಣದಿಂದ ಈ ರಾಜ್ಯದ ಸರ್ಕಾರಿ ಸೇವೆಯಿಂದ ಹೊರಗುಳಿಯುತ್ತಾರೆ. 2006ರ ತಮಿಳು ಕಲಿಕೆಯ ಕಾಯಿದೆಯಿಂದಾಗಿ ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೆ, ಮುಖ್ಯವಾಗಿ ಹೊಸೂರು, ತಾಳವಾಡಿ ಕಡೆಯ ಕನ್ನಡ ಶಾಲೆಗಳಿಗೆ ಎದುರಾದ ತೊಡಕು ಬೇರೆ. ಅಲ್ಲಿ ನಮ್ಮ ಆಕ್ಷೇಪ ತಮಿಳು ಕಲಿಯುವುದಕ್ಕಲ್ಲ, ಅದಕ್ಕಾಗಿ ಕನ್ನಡ ಹಿಂದೆ ಸರಿಯಬೇಕಾಗುವುದಕ್ಕೆ.

ಎರಡನೆಯದಾಗಿ ಕನ್ನಡ. ಸಿವಿಲ್ ಸೇವಾ ಪರೀಕ್ಷೆಯ ಮುಖ್ಯ ಹಂತದಲ್ಲಿ ಭಾರತೀಯ ಭಾಷೆಯೊಂದರ ಪತ್ರಿಕೆ ಇದೆ. ಅದು 300 ಅಂಕಗಳದು. ಶೇಕಡ 25 ಬಂದರೆ ಸಾಕು, ಬಾರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟೇ ಬಂದಿದ್ದರೂ ಫಲವಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಕಲಿತ ಮಗು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಈ ಪತ್ರಿಕೆಯ ಮುಂದೆ ಕುಳಿತು, ಯಾವ ಭಾರತೀಯ ಭಾಷೆಯಲ್ಲೂ ಒಂದು ಪ್ರಬಂಧ ಬರೆಯಲಾರದ ತನ್ನ ಸ್ಥಿತಿಯನ್ನು ಕಂಡು ಬೆವರುತ್ತದೆ. ಇನ್ನೊಂದು ಬಾಗಿಲು ನಮ್ಮವರಿಗೆಂದೇ ಇದೆ: ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ಸಂದರ್ಭದಲ್ಲಿ ಪರೀಕ್ಷಾ ಪ್ರಾಧಿಕಾರವು ಹೊರನಾಡು ಮತ್ತು ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗಾಗಿ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಅದರ ಮಟ್ಟ ನಾಲ್ಕನೆಯ ತರಗತಿಯದು. ನಾಲ್ಕನೆಯ ತರಗತಿಯ ಕನ್ನಡ! ಊರಿನ ಕಾಲೇಜಿನಲ್ಲಿ ಮಗ ಓದಲಿ, ಅಜ್ಜಿಯ ಮನೆಗೆ ಹತ್ತಿರವಿರಲಿ ಎಂದು ಹಂಬಲಿಸುವ ತಂದೆತಾಯಿ, ಗಣಿತದ ಮನೆಪಾಠಕ್ಕೆ ಸಾವಿರಾರು ರೂಪಾಯಿ ಸುರಿದು, ಈ ಒಂದು ಅರ್ಹತೆಗೆ ಬೇಕಾದ ಅಕ್ಷರಾಭ್ಯಾಸವನ್ನೇ ಮಾಡಿಸದಿರುವುದು ವಿಚಿತ್ರ. (ಅರ್ಹತೆಯ ಉಳಿದ ಷರತ್ತುಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿ ಓದಿಕೊಳ್ಳಬೇಕು.) ತಮಿಳುನಾಡಿನ ಪ್ಲಸ್ ಟೂ ಭಾಷೆಗಳಲ್ಲಿ ಕನ್ನಡವಿದೆ, ಸಿ.ಬಿ.ಎಸ್.ಇ.ಯಲ್ಲೂ ಇದೆ. ಪಟ್ಟಿಯಲ್ಲಿದೆ, ಕಲಿಸುವವರು ಶಾಲೆಯಲ್ಲಿಲ್ಲ. ಕೇಳುವ ಮನೆಗಳು ಹತ್ತಾದರೂ ಒಟ್ಟಾಗಿ ಹೋಗಿ ಕೇಳದೆ ಶಾಲೆಯವರು ಶಿಕ್ಷಕರನ್ನು ತರುವುದಾದರೂ ಹೇಗೆ?

ಒಂದು ವಿಷಯ ಹಿಡಿದವನು ಉಳಿದವುಗಳಿಗೆ ತರ್ಪಣ ಬಿಡಬೇಕಾಗಿಲ್ಲ ಎಂಬುದಕ್ಕೆ ಈ ನಗರದ ಕನ್ನಡಿಗರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಬಿ.ಜಿ.ಎಲ್. ಸ್ವಾಮಿಯವರು 1953ರಲ್ಲಿ ಇಲ್ಲಿನ ಪ್ರೆಸಿಡೆನ್ಸಿ ಕಾಲೇಜಿಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದು ಮುಂದೆ ಪ್ರಾಂಶುಪಾಲರೂ ಆದರು. ಸಸ್ಯಗಳ ಅಂಗರಚನೆಯ ಸಂಶೋಧಕರು, ಹಾರ್ವರ್ಡಿನಲ್ಲಿ ಕೆಲಸ ಮಾಡಿ ಬಂದವರು. ಅದೇ ಕೈ ಶಾಸನಗಳನ್ನೂ ತಮಿಳು ಸಾಹಿತ್ಯದ ಇತಿಹಾಸವನ್ನೂ ಶೋಧಿಸಿತು, ತಮ್ಮ ಪುಸ್ತಕಗಳಿಗೆ ತಾವೇ ಚಿತ್ರ ಬರೆಯಿತು. ಗಿಡಮರಗಳನ್ನು ಕುರಿತ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದದ್ದು ಸಾಹಿತ್ಯಕೃತಿಯಾಗಿ. ಮದರಾಸಿನ ಅನುಭವಗಳ 'ತಮಿಳು ತಲೆಗಳ ನಡುವೆ'ಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಅದೇ ಪ್ರೆಸಿಡೆನ್ಸಿಯಲ್ಲಿ ಓದಿದ ಸಿ.ವಿ. ರಾಮನ್ 1907ರಿಂದ ಹತ್ತು ವರ್ಷ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದು, ಕಚೇರಿಯ ವೇಳೆಯ ಆಚೆಗೆ ಕಲ್ಕತ್ತೆಯಲ್ಲಿ ಪ್ರಯೋಗ ಮಾಡುತ್ತಿದ್ದರು. ಇದು ಸರ್ಕಾರಿ ನೌಕರರಾದ ನಾವು ನಮ್ಮ ಸಮಾಧಾನಕ್ಕೆ ಆಗಾಗ ಹೇಳಿಕೊಳ್ಳುವ ಕಥೆ.

ಸಂಘ ಏನು ಮಾಡಬಹುದು? ವಿಶೇಷ ಉಪನ್ಯಾಸ, ಶಾಲು, ಹಾರ ಇವುಗಳಿಂದ ಈ ಕೆಲಸ ಆಗದು. ನಮ್ಮ ಸದಸ್ಯರಲ್ಲಿ ಬ್ಯಾಂಕಿನವರಿದ್ದಾರೆ, ರೈಲ್ವೆಯವರಿದ್ದಾರೆ, ದಾದಿಯರಿದ್ದಾರೆ, ಹೋಟೆಲು ನಡೆಸುವವರಿದ್ದಾರೆ, ವಕೀಲರು, ಔಷಧ ಕಂಪನಿಯವರು, ಸಂಗೀತ ಕಲಿಸುವವರು, ಸಾಫ್ಟ್‌ವೇರಿನವರು ಇದ್ದಾರೆ. ಹೈಸ್ಕೂಲಿನ ಮಗುವೊಂದು ಇವರಲ್ಲೊಬ್ಬರ ಪಕ್ಕದಲ್ಲಿ ಅರ್ಧ ದಿನ ಕುಳಿತು, ಆ ಕೆಲಸ ಬೆಳಗಿನಿಂದ ಸಂಜೆಯವರೆಗೆ ನಿಜವಾಗಿ ಹೇಗಿರುತ್ತದೆಂದು ನೋಡಿದರೆ ಅದಕ್ಕೆ ಗ್ರೂಪುಗಳ ಅರ್ಥ ತಾನಾಗಿ ತಿಳಿಯುತ್ತದೆ. ದಾದಿಯೊಬ್ಬರು ರಾತ್ರಿ ಪಾಳಿಯ ಬಗ್ಗೆ ಹೇಳುವ ಮಾತು ಯಾವ ಕೈಪಿಡಿಯಲ್ಲೂ ಇಲ್ಲ. ಅದಕ್ಕಾಗಿ ಒಂದು ಪಟ್ಟಿ ಸಿದ್ಧಪಡಿಸಬೇಕೆಂಬ ಸಲಹೆಯನ್ನು ಕಾರ್ಯಕಾರಿ ಸಮಿತಿಯ ಮುಂದಿಡುತ್ತಿದ್ದೇವೆ. ಭಾನುವಾರದ ಕನ್ನಡ ತರಗತಿಯನ್ನು ನಾಲ್ಕನೆಯ ತರಗತಿಯ ಪುಸ್ತಕದವರೆಗಾದರೂ ಒಯ್ಯಬೇಕೆಂಬುದು ಎರಡನೆಯ ಸಲಹೆ. ಕಲಿಸಲು ನಿವೃತ್ತರಾದ ಇಬ್ಬರು ಸಿಕ್ಕರೂ ಸಾಕು. ತಮ್ಮ ಉದ್ಯೋಗದ ಬಗ್ಗೆ ಮಕ್ಕಳೊಡನೆ ಬಿಚ್ಚುಮನಸ್ಸಿನಿಂದ ಮಾತನಾಡಲು ಸಿದ್ಧರಿರುವ ಸದಸ್ಯರು ಹೆಸರು, ಉದ್ಯೋಗ, ಬಿಡುವಿನ ವೇಳೆಗಳನ್ನು ಕಾರ್ಯದರ್ಶಿಗಳಿಗೆ ಬರೆದು ಕೊಡಬೇಕಾಗಿ ವಿನಂತಿ. ಮಕ್ಕಳು ಬರುವಾಗ ತಂದೆತಾಯಿಗಳು ಜೊತೆಗೆ ಬರಬೇಕಾಗಿಲ್ಲ. ಬಂದರೆ ಅವರಿಗೆ ಹೊರಗಿನ ಜಗಲಿಯಲ್ಲಿ ಕಾಫಿಯ ವ್ಯವಸ್ಥೆ ಮಾಡೋಣ.